ತೊಂಬತ್ತು ದಾಟಿಯೂ ತುಂಬಿದ ಕಂಠ
ರಾಜಾಜಿನಗರದ ನಮ್ಮ ಮನೆಯಲ್ಲಿ ಕಾಫಿ ಸೋಸುವ ಹೊತ್ತಿಗೆ ಆಕಾಶವಾಣಿಯಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಹಾಡುತ್ತಿದ್ದರೆ ಅಮ್ಮ ಒಗ್ಗರಣೆಯನ್ನೂ ತಡೆದು ನಿಲ್ಲಿಸುತ್ತಿದ್ದಳು.

1920ರಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ ಹುಟ್ಟಿದವರು. ಆಕಾಶವಾಣಿಯಲ್ಲೇ ದಶಕಗಳ ಕಾಲ ದುಡಿದರು. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. ಬಿರುದುಗಳ ಮಾತು ಇಷ್ಟು ಸಾಕು.

ನನ್ನನ್ನು ಹಿಡಿದು ನಿಲ್ಲಿಸುವುದು ದಾಸರ ಪದಗಳನ್ನು ಅವರು ಹಾಡುತ್ತಿದ್ದ ರೀತಿ. ಪುರಂದರದಾಸರು 16ನೇ ಶತಮಾನದವರು. ಸಾಹಿತ್ಯ ಉಳಿದಿದೆ, ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ಹಾಡುವವನೇ ಹೊಣೆ ಹೊರಬೇಕು. ಶ್ರೀಕಂಠನ್ ಮಾತಿನ ನಡುವೆ ಉಸಿರು ಕಡಿಯುತ್ತಿರಲಿಲ್ಲ. ಅರ್ಥ ಮುಗಿದಲ್ಲೇ ಉಸಿರು. ಮಂದ್ರಕ್ಕಿಳಿದಾಗಲೂ ಒಂದೊಂದು ಅಕ್ಷರ ಬಿಡಿಯಾಗಿ ಕೇಳುತ್ತಿತ್ತು. ಪೂರ್ತಿ ಕನ್ನಡ ಕೃತಿಗಳದೇ ಕಚೇರಿಗಳನ್ನು ಮಾಡಿ, ಕನ್ನಡಕ್ಕೆ ಕಚೇರಿಯ ಕೊನೆಗೆ ಹಾಡುವ ಲಘು ತುಕ್ಕಡಗಳ ಜಾಗವಷ್ಟೇ ಅಲ್ಲ ಎಂದು ತೋರಿಸಿದರು.

ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿದ್ದರು. 2014ರ ಫೆಬ್ರವರಿಯಲ್ಲಿ ತೀರಿಕೊಂಡರು. ಧ್ವನಿಮುದ್ರಿಕೆಗಳು ಸಿಗುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡು ಕೇಳಿ.