ಒಂದು ಗೆಡ್ಡೆಯ ಬೆನ್ನು ಹತ್ತಿ ಪೆರುವಿಗೆ

ವಿದ್ಯಾರ್ಥಿಗಳ ಪೆರು ಪ್ರವಾಸದ ಯೋಜನೆ ಯಾರೇ ಮಾಡಲಿ, ಪಟ್ಟಿ ಮಾತ್ರ ಬದಲಾಗುವುದಿಲ್ಲ. ಲಿಮಾ, ನಾಸ್ಕಾ ರೇಖೆಗಳು, ಕುಸ್ಕೊ, ಮಾಚು ಪಿಚು, ಟಿಟಿಕಾಕಾ ಸರೋವರ, ದಿನ ಉಳಿದರೆ ಅಮೆಜಾನ್ ಕಾಡು. ಎರಡು ವಾರದಲ್ಲಿ ಇಷ್ಟನ್ನೂ ತುರುಕಿದರೆ ಮಕ್ಕಳು ಅರ್ಧ ದೇಶವನ್ನು ಬಸ್ಸಿನಲ್ಲಿ ತೂಕಡಿಸುತ್ತಲೇ ದಾಟುತ್ತಾರೆ. ಅಧ್ಯಯನ ಪ್ರವಾಸಕ್ಕೆ ಮೊದಲು ಬೇಕಾದದ್ದು ಒಂದು ಪ್ರಶ್ನೆ. ಅದು ಗಟ್ಟಿಯಾದರೆ ಯಾವ ಊರು ಬೇಕು, ಯಾವುದು ಬೇಡ ಎನ್ನುವುದು ತಾನಾಗಿ ತಿಳಿಯುತ್ತದೆ.

ಕರ್ನಾಟಕದ ಕೃಷಿ ಕಾಲೇಜಿನ ತಂಡವಾದರೆ ನಾನು ಆರಿಸುವ ಪ್ರಶ್ನೆ ಆಲೂಗಡ್ಡೆಯದು. ಹಾಸನದ ರೈತರು ಜಲಂಧರದ ಕಡೆಯಿಂದ ಬರುವ ಬಿತ್ತನೆ ಗೆಡ್ಡೆ ಕೊಂಡು ಬಹುಪಾಲು ಕುಫ್ರಿ ಜ್ಯೋತಿ ಎಂಬ ಒಂದೇ ತಳಿ ನೆಡುತ್ತಾರೆ. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಹೊಲಕ್ಕೆ ಹೊಲವನ್ನೇ ಸುಟ್ಟುಬಿಡುತ್ತದೆ. ಆಲೂಗಡ್ಡೆಯ ತವರಾದ ಆಂಡಿಸ್ ಬೆಟ್ಟಗಳಲ್ಲಿ ಸಣ್ಣ ತುಂಡು ನೆಲದಲ್ಲೂ ಹತ್ತಾರು ತಳಿ ಬೆರೆಸಿ ಹಾಕುವ ರೈತರಿದ್ದಾರೆ. ಹಾಗೆ ಮಾಡಿ ಅವರು ಗಳಿಸುವುದೇನು, ಕಳೆದುಕೊಳ್ಳುವುದೇನು? ಇದಿಷ್ಟನ್ನು ಕೇಳಿ ತಿಳಿದು ಬಂದರೂ ಪ್ರವಾಸ ಸಾರ್ಥಕ.

ಈ ಪ್ರಶ್ನೆ ಹಿಡಿದರೆ ಕಾಲವೂ ಗೊತ್ತಾಗುತ್ತದೆ. ಮೇ ಕೊನೆಯ ಹೊತ್ತಿಗೆ ಅಲ್ಲಿ ಮಳೆ ಮುಗಿದು ಗೆಡ್ಡೆ ಕೀಳುವ ಕೆಲಸ ನಡೆದಿರುತ್ತದೆ. ಜೂನ್‌ನಲ್ಲಿ ಹಿಮ ಕಟ್ಟುವ ರಾತ್ರಿಗಳು ಬಂದಾಗ ಗೆಡ್ಡೆಗಳನ್ನು ಬಯಲಲ್ಲಿ ಹರಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ 'ಚುನ್ಯೊ' ಮಾಡುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಜೂನ್ 24ರ ಇಂತಿ ರೈಮಿ ಹಬ್ಬಕ್ಕೆ ಕುಸ್ಕೊ ತುಂಬಿ ತುಳುಕುವುದರಿಂದ ಅಷ್ಟರೊಳಗೆ ಆ ಊರಿನ ಕೆಲಸ ಮುಗಿಸಿರಬೇಕು.

ದಾರಿಯ ಕ್ರಮವನ್ನು ಮಾತ್ರ ನಿರ್ಧರಿಸುವುದು ಎತ್ತರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಕುಸ್ಕೊ ನಗರ ಇರುವುದು ಸುಮಾರು 3,400 ಮೀಟರಿನಲ್ಲಿ. ಸಮುದ್ರಮಟ್ಟದ ಲಿಮಾದಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಅಲ್ಲಿ ಇಳಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಎಂಥ ಗಟ್ಟಿಗರನ್ನೂ ಹಿಡಿಯಬಹುದು. ಆದ್ದರಿಂದ ಕುಸ್ಕೊದಲ್ಲಿ ಇಳಿದ ದಿನವೇ ಉರುಬಂಬಾ ಕಣಿವೆಗೆ ಇಳಿದು, ಸುಮಾರು 2,800 ಮೀಟರಿನ ಓಯಂತಾಯ್‌ತಾಂಬೊದಲ್ಲಿ ಬಿಡಾರ ಹೂಡಬೇಕು. ಮೊದಲ ಎರಡು ದಿನ ಹಗುರ ಕೆಲಸ ಸಾಕು: ಮರಾಸ್‌ನ ಉಪ್ಪಿನ ಆಗರ, ಮೊರಾಯ್‌ನ ದುಂಡು ಮೆಟ್ಟಿಲ ಗದ್ದೆಗಳು. ಮಾಚು ಪಿಚು 2,430 ಮೀಟರಷ್ಟೇ ಇರುವುದರಿಂದ ಅದನ್ನು ಆಮೇಲೆ ಇಲ್ಲಿಂದಲೇ ರೈಲಿನಲ್ಲಿ ಹೋಗಿ ನೋಡಬಹುದು. ಒಂದು ದಿನ ಕೊಟ್ಟರೆ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಉಳಿಸಿದ ದಿನಗಳನ್ನು ಪೀಸಾಕ್ ಮೇಲಿನ ಬೆಟ್ಟಗಳಿಗೆ ಕೊಡಿ. ಅಲ್ಲಿ ಕೆಚುವಾ ಸಮುದಾಯಗಳು ಸೇರಿ 'ಆಲೂಗಡ್ಡೆ ಉದ್ಯಾನ' ನಡೆಸುತ್ತಿವೆ. ಸಾವಿರಕ್ಕೂ ಹೆಚ್ಚು ಬಗೆಯ ಗೆಡ್ಡೆಗಳನ್ನು ಹೊಲದಲ್ಲೇ ಬೆಳೆದು ಉಳಿಸಿಕೊಂಡವರು ಅವರು. ಕೆಚುವಾದಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಮಾತು ಎರಡು ಬಾಯಿ ದಾಟಿ ಬರುತ್ತದೆ. ಹಾಗಾಗಿ ಅರ್ಧ ದಿನಕ್ಕೆ ನಾಲ್ಕೈದು ಪ್ರಶ್ನೆಗಿಂತ ಹೆಚ್ಚು ಹೊತ್ತೊಯ್ಯಬಾರದು. ಇದಕ್ಕೂ ಮುಂಚೆ ಲಿಮಾದಲ್ಲಿ, ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು, 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ವಂಶವಾಹಿ ಭಂಡಾರ ನೋಡಿರಬೇಕು. ಕಾಡುಗೆಡ್ಡೆಗಳ ಗುಣ ತಂದು ಅಂಗಮಾರಿ ತಡೆಯುವ 'ಮಟಿಲ್ಡೆ' ತಳಿ ರೂಪಿಸಿ 2021ರಲ್ಲಿ ರೈತರಿಗೆ ಕೊಟ್ಟ ಸಂಸ್ಥೆ ಅದು. ಪ್ರಯೋಗಾಲಯದ ಉತ್ತರ, ಹೊಲದ ಉತ್ತರ ಎರಡನ್ನೂ ಕೇಳಿದ ವಿದ್ಯಾರ್ಥಿಯ ನೋಟ್‌ಬುಕ್ಕೇ ಬೇರೆ.

ಕಾಗದಪತ್ರದಲ್ಲಿ ತಪ್ಪುವಂತಿಲ್ಲ. ಮಾಚು ಪಿಚು ಟಿಕೆಟ್ ಪಾಸ್‌ಪೋರ್ಟಿನ ಹೆಸರಿಗೆ, ಗೊತ್ತಾದ ಹೊತ್ತಿಗೆ ಸಿಗುವಂಥದು, ಬೇಗ ಮುಗಿದುಹೋಗುತ್ತದೆ. ಪಾಸ್‌ಪೋರ್ಟು ಎಲ್ಲರ ಕೈಸೇರಿದ ಮೇಲೆಯೇ ಉಳಿದ ಮಾತು. ಪೆರುವಿನಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು, ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಿಬಿಡಬಹುದು. ಚುಚ್ಚುಮದ್ದು ಹಾಕಿಸಿ ಹತ್ತು ದಿನವಾದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಅಲ್ಲಿನ ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯ ಚಹಾ ಅಲ್ಲಿಗೆ ಸಹಜ, ನಮ್ಮಲ್ಲಿ ಆ ಎಲೆ ನಿಷಿದ್ಧ. ಒಂದು ಪೊಟ್ಟಣವೂ ಚೀಲ ಸೇರದಂತೆ ಹೊರಡುವ ಮುನ್ನವೇ ಹೇಳಬೇಕು.

ಖರ್ಚಿನ ಲೆಕ್ಕದಲ್ಲಿ ಎರಡು ಬಾಬತ್ತನ್ನು ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ. ಒಂದು, ಸಮುದಾಯಕ್ಕೆ ಸಲ್ಲಬೇಕಾದ ಹಣ. ಎಷ್ಟೆಂದು ಮೊದಲೇ ಮಾತಾಡಿ ಒಪ್ಪಿಕೊಂಡಿರಬೇಕು. ಇನ್ನೊಂದು, ವಿದ್ಯಾರ್ಥಿಗಳ ವರದಿಯನ್ನು ಸ್ಪ್ಯಾನಿಷ್‌ಗೆ ಮಾಡಿಸಿ ಪೀಸಾಕ್‌ಗೂ, ಕನ್ನಡದ ಪ್ರತಿಯನ್ನು ಗೆಡ್ಡೆ ಕೀಳುವ ಹೊತ್ತಿಗೆ ಹಾಸನದ ಬೆಳೆಗಾರರಿಗೂ ತಲುಪಿಸುವ ವೆಚ್ಚ.