ಸೈನಿಕನ ಸ್ವೆಟರು: ಆರು ಸಾಲುಗಳ ವ್ಯಾಖ್ಯಾನ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಉಣ್ಣೆ ಕಂಪನಿಗಳು ಸೈನಿಕರ ಸ್ವೆಟರಿನ ನಮೂನೆಗಳನ್ನು ಸಣ್ಣ ಹಾಳೆಗಳಲ್ಲಿ ಅಚ್ಚು ಹಾಕಿಸಿ ಮಾರುತ್ತಿದ್ದವು. ಭೂಸೇನೆಗೆ ಖಾಕಿ, ನೌಕಾಪಡೆಗೆ ಕಡುನೀಲಿ, ವಾಯುಪಡೆಗೆ ಬೂದುನೀಲಿ. ಅವುಗಳ ಜಾಡಿನಲ್ಲೇ 40 ಇಂಚು ಎದೆಸುತ್ತಳತೆಯ, ತೋಳಿಲ್ಲದ ಒಂದು ಸ್ವೆಟರಿನ ವಿಧಾನವನ್ನು ಆರು ಸಾಲಿಗೆ ಇಳಿಸಿ ಇಲ್ಲಿ ಬರೆದಿದ್ದೇನೆ.

ನಾಗಮಂಗಲ ತಾಲ್ಲೂಕಿನ ನಮ್ಮ ದೇವಲಾಪುರದ ಕಡೆ ಚಳಿಯೆಂದರೆ ಧನುರ್ಮಾಸದ ಇಬ್ಬನಿ. ಒಂದು ಕಂಬಳಿ ಹೊದ್ದರೆ ಕಳೆಯುತ್ತದೆ. ಆದರೆ ನಮ್ಮ ಸೈನಿಕರು ನಿಂತ ಜಾಗದ ಚಳಿ ಬೇರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿಕೊಂಡ ಹತ್ತು ಮಂದಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಇದ್ದರು. ನೆರೆಯ ಹಾಸನ ಜಿಲ್ಲೆಯ ತೇಜೂರಿನ ನಾಗೇಶ ಇದ್ದರು. ಆ ಚಳಿ ಮನೆಯಲ್ಲಿ ಕೂತವರ ಅಂದಾಜಿಗೆ ಸಿಗುವುದಿಲ್ಲ. ಹೆಣೆಯುವವಳಿಗೆ ತೊಡುವವನ ಮುಖವೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಈ ಸಾಲುಗಳ ಅಂಕಿಗಳೇ ಆಧಾರ.

1. “ಅಪ್ಪಟ ಉಣ್ಣೆಯ ಖಾಕಿ ದಾರ, ಸುಮಾರು 350 ಗ್ರಾಂ.”

ಉಣ್ಣೆಯ ಎಳೆ ಸಹಜವಾಗಿ ಸುರುಳಿ ಸುರುಳಿ. ಆ ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಮೈಶಾಖವನ್ನು ಹೊರಗೆ ಬಿಡದು. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಉಣ್ಣೆ ಮೈಗೆ ಹಸಿ ಎನಿಸುವುದಿಲ್ಲ. ಹತ್ತಿ ಬಟ್ಟೆಗೆ ಈ ಗುಣವಿಲ್ಲ. ನೆನೆದರೆ ಮೈಗಂಟಿ ಶಾಖವನ್ನು ಎಳೆದುಕೊಳ್ಳುತ್ತದೆ. 1962ರ ಅಕ್ಟೋಬರಿನಲ್ಲಿ ನಮ್ಕಾ ಚು ಕಣಿವೆಯಲ್ಲಿ ನಮ್ಮ ಸೈನಿಕರು ಬೇಸಿಗೆಯ ಹತ್ತಿ ಸಮವಸ್ತ್ರದಲ್ಲೇ ಚೀನೀ ಸೇನೆಯನ್ನು ಎದುರಿಸಬೇಕಾಯಿತು. ಸುದ್ದಿ ತಿಳಿದ ಮೇಲೆ ದೇಶದ ಊರೂರುಗಳಲ್ಲಿ ಹೆಂಗಸರು ಜವಾನರಿಗಾಗಿ ಸ್ವೆಟರ್ ಹೆಣೆಯಲು ಕೂತರು.

ನಮ್ಮ ಸೀಮೆಯ ಕುರಿಯಿಂದ ಈ ದಾರ ಬರುವುದಿಲ್ಲ. ಬನ್ನೂರು ಕುರಿ ಹೆಸರಾದದ್ದು ಮಾಂಸಕ್ಕೆ. ಅದರ ಮೈಮೇಲಿರುವುದು ಒರಟು ಕೂದಲು. ಚಳ್ಳಕೆರೆ ಕಡೆಯ ಕರಿಕುರಿಯ ಉಣ್ಣೆ ಕಂಬಳಿಗೆ ಹೇಳಿಮಾಡಿಸಿದ್ದು, ಆದರೆ ಕತ್ತಿಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಕ್ರಿಲಿಕ್ ದಾರವೂ ಬೇಡ. ಬೆಂಕಿಯ ಹತ್ತಿರ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಯಾದರೆ ಕರಿಕಟ್ಟಿ ತಾನೇ ಆರುತ್ತದೆ. “ಅಪ್ಪಟ” ಎಂದು ಒತ್ತಿ ಹೇಳಿರುವುದು ಇದಕ್ಕೇ.

2. “8ನೇ ನಂಬರಿನ ಕಡ್ಡಿಯಲ್ಲಿ ಇಂಚಿಗೆ ಐದೂವರೆ ಕುಣಿಕೆ ಬರಬೇಕು, ಬಾರದಿದ್ದರೆ ಕಡ್ಡಿ ಬದಲಿಸಿ.”

ಹಳೆಯ ಬ್ರಿಟಿಷ್ ಲೆಕ್ಕದ 8ನೇ ನಂಬರ್ ಈಗಿನ 4 ಮಿಲಿಮೀಟರ್ ಕಡ್ಡಿ. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ಥರ. ಮುಂದಿನ ಸಾಲಿನಲ್ಲಿ ಬರುವ 110 ಕುಣಿಕೆ ಇಂಚಿಗೆ ಐದೂವರೆಯಂತೆ ಬಂದರೆ ಮುಂಭಾಗ 20 ಇಂಚು, ಬೆನ್ನೂ ಅಷ್ಟೇ, ಸುತ್ತಳತೆ 40. ಕೈ ಸಡಿಲಾಗಿ ಐದೇ ಬಂದರೆ ಸುತ್ತಳತೆ 44ಕ್ಕೆ ಹೋಗುತ್ತದೆ. ಬಿಗಿಯಾಗಿ ಆರು ಬಂದರೆ 37ಕ್ಕೂ ತುಸು ಕಡಿಮೆ. ಮನೆಮಗನಿಗೆ ಹೆಣೆಯುವಾಗ ನಡುನಡುವೆ ಬೆನ್ನಿಗೆ ಹಿಡಿದು ನೋಡಬಹುದು. ಗಡಿಯಲ್ಲಿರುವವನನ್ನು ಕರೆದು ನಿಲ್ಲಿಸಿಕೊಳ್ಳಲಾದೀತೆ? ಮೊದಲು ನಾಲ್ಕಿಂಚಿನ ಚೌಕವೊಂದನ್ನು ಹೆಣೆದು, ಸ್ಕೇಲ್ ಇಟ್ಟು ಎಣಿಸಿಯೇ ಮುಂದುವರಿಯಬೇಕು. ಆರೂ ಸಾಲಿನಲ್ಲಿ ಬೇಸರಪಟ್ಟು ದಾಟಿಬಿಡುವ ಸಾಲು ಇದು. ಕೆಲಸ ಕೆಡುವುದೂ ಇಲ್ಲೇ.

3. “10ನೇ ನಂಬರಿನ ಕಡ್ಡಿಗೆ 110 ಕುಣಿಕೆ ಏರಿಸಿ; ಎರಡು ನಿಟ್, ಎರಡು ಪರ್ಲ್‌ನಂತೆ ನಾಲ್ಕು ಇಂಚು.”

ನಂಬರ್ ಏರಿದಂತೆ ಕಡ್ಡಿ ಸಪೂರ. ಹೀಗೆ ಹೆಣೆದ ಪಟ್ಟಿ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೈಗೆ ಕೂರುತ್ತದೆ. ಬಗ್ಗಿದಾಗ, ತೆವಳಿದಾಗ ಸ್ವೆಟರು ಮೇಲೇರಿ ಸೊಂಟಕ್ಕೆ ಗಾಳಿ ಹೊಗಬಾರದು. ನಾಲ್ಕು ಇಂಚು ಇಟ್ಟಿರುವುದು ಆ ಕಾರಣಕ್ಕೆ. ಮಗ್ಗದಲ್ಲಿ ನೇಯ್ದ ಕಂಬಳಿಗೆ ಈ ಹಿಗ್ಗು ಇಲ್ಲ. ಕೊಪ್ಪೆ ಹಾಕಿಕೊಂಡವನು ಒಂದು ಕೈಯಲ್ಲಿ ಅದನ್ನು ಹಿಡಿದೇ ಇರಬೇಕು. ಸೈನಿಕನಿಗೆ ಎರಡೂ ಕೈ ಬೇಕು. 110 ಎಂಬ ಲೆಕ್ಕವೂ ಸುಮ್ಮನೆ ಬಂದದ್ದಲ್ಲ. ನಾಲ್ಕರ 27 ಗುಂಪು, ಮೇಲೆ ಎರಡು. ಎರಡು ನಿಟ್‌ನಿಂದ ಶುರುವಾದ ಸಾಲು ಎರಡು ನಿಟ್‌ನಲ್ಲೇ ಮುಗಿದು, ಪಕ್ಕದ ಹೊಲಿಗೆಯಲ್ಲಿ ಎರಡೂ ಅಂಚು ಜೋಡಿಯಾಗುತ್ತವೆ.

4. “8ನೇ ನಂಬರಿಗೆ ಬದಲಿಸಿ, ಒಟ್ಟು 14 ಇಂಚಾಗುವವರೆಗೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್.”

ಹೂವಿಲ್ಲ, ಜಡೆಯ ವಿನ್ಯಾಸವಿಲ್ಲ. ಅಂಥವು ಹೆಚ್ಚು ಉಣ್ಣೆ ತಿನ್ನುತ್ತವೆ, ಸಮವಸ್ತ್ರದೊಳಗೆ ಉಬ್ಬುತ್ತವೆ. ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಯ ಜೊತೆಗೆ ಹೆಣಿಗೆಯ ಉಣ್ಣೆಗೂ ಪಡಿತರ ಬಂದಿತ್ತು.

5. “ಕಂಕುಳಿಗೆ ಎರಡೂ ಕಡೆ 6 ಕುಣಿಕೆ ಮುಚ್ಚಿ, ಮುಂಭಾಗವನ್ನು ನಡುವೆ ಇಬ್ಭಾಗ ಮಾಡಿ, ಕಂಕುಳ ಕಡೆ 7, ಕತ್ತಿನ ಕಡೆ ನಾಲ್ಕನೇ ಸಾಲಿಗೊಂದರಂತೆ 16 ಇಳಿಸಿ, ಉಳಿದ 26 ಭುಜಕ್ಕೆ.”

ಓದಲು ಕಗ್ಗಂಟು, ಲೆಕ್ಕ ಸರಳ. 110ರಲ್ಲಿ 12 ಹೋದರೆ 98. ಒಂದು ಪಾಲಿಗೆ 49. ಅದರಲ್ಲಿ 23 ಕಳೆದರೆ 26. ಬೆನ್ನಿನ ಭಾಗವನ್ನು ಸೀಳುವುದಿಲ್ಲ. ಕಂಕುಳ ಇಳಿಕೆಯಾದ ಮೇಲೆ ಅಲ್ಲಿ 84 ಉಳಿಯುತ್ತವೆ. ಎರಡು ಭುಜಕ್ಕೆ 52, ಕತ್ತಿನ ಹಿಂಬದಿಗೆ 32. ನಾಲ್ಕು ಸಾಲಿಗೊಮ್ಮೆ ಮಾತ್ರ ಇಳಿಸುವುದರಿಂದ ಕತ್ತಿನ ಇಳಿಜಾರು ಸುಮಾರು ಎಂಟೂವರೆ ಇಂಚು ಉದ್ದಕ್ಕೆ ನಿಧಾನವಾಗಿ ಸಾಗಿ, ಅಂಗಿಯ ಕಾಲರಿಗೆ ಜಾಗ ಬಿಡುತ್ತದೆ. ತೋಳಿಲ್ಲದ್ದರಿಂದ ಬಂದೂಕು ಎತ್ತುವ ರಟ್ಟೆ ಸಲೀಸು.

6. “ಎಲ್ಲೂ ಗಂಟು ಬೇಡ, ದಾರದ ತುದಿಗಳನ್ನು ಒಳಮೈಯಲ್ಲಿ ಹೆಣೆದು ಸೇರಿಸಿ.”

ಉಂಡೆ ಮುಗಿದು ಹೊಸ ಉಂಡೆ ಶುರುವಾಗುವಾಗ ಗಂಟು ಹಾಕುವುದು ಎಲ್ಲರಿಗೂ ಸುಲಭ. ಆದರೆ ಬೆನ್ನಿನ ಚೀಲದ ಪಟ್ಟಿ ಭುಜವನ್ನು ಒತ್ತುತ್ತಲೇ ಇರುತ್ತದೆ. ಅದರಡಿ ಕಡಲೆಕಾಳಿನಷ್ಟು ಗಂಟಿದ್ದರೂ ಚರ್ಮ ತರಚಿ, ಒಂದು ದಿನದ ನಡಿಗೆಯಲ್ಲಿ ಹುಣ್ಣಾಗುತ್ತದೆ. ಹಳೆಯ ತುದಿ, ಹೊಸ ತುದಿ ಎರಡನ್ನೂ ಮೂರು ಇಂಚಿನಷ್ಟು ಉಳಿಸಿ, ಸೂಜಿಯಲ್ಲಿ ಪೋಣಿಸಿ, ಕುಣಿಕೆಗಳ ಬೆನ್ನಿಗೆ ಸುತ್ತಿ ಕೊಂಡೊಯ್ಯಬೇಕು.

ಲೆಕ್ಕ ಹಾಕಿದರೆ ಈ ಸ್ವೆಟರಿನಲ್ಲಿ 30,000ಕ್ಕೂ ಹೆಚ್ಚು ಕುಣಿಕೆಗಳಿವೆ. ಗುರುತಿಲ್ಲದವನಿಗಾಗಿ ಅಷ್ಟು ಕುಣಿಕೆ ಹಾಕಿದವರ ಪ್ರೀತಿ ದೊಡ್ಡದು. ಆದರೆ ಆ ಪ್ರೀತಿ ಅವನ ಮೈಗೆ ಮುಟ್ಟುವುದು ಅಳತೆ ಸರಿಯಿದ್ದರೆ, ಭುಜಕ್ಕೆ ಗಂಟು ಒತ್ತದಿದ್ದರೆ ಮಾತ್ರ. ಇಂದು ಸೇನೆಯೇ ಚಳಿಯ ಉಡುಪು ಕೊಡುತ್ತದೆ. ಹೆಣೆಯುವ ಮನಸ್ಸಿದ್ದವರು ಸೇವೆ ಮುಗಿಸಿ ಊರಿಗೆ ಬಂದ ಹಿರಿಯ ಸೈನಿಕರೊಬ್ಬರಿಗೆ ಇದನ್ನು ಹೆಣೆದುಕೊಡಿ. ಅವರು ಈಗ ಚೀಲ ಹೊರುವುದಿಲ್ಲವೆಂದು ಆರನೇ ಸಾಲನ್ನು ಮಾತ್ರ ಸಡಿಲ ಬಿಡಬೇಡಿ.