ಎರಡು ಕ್ಯಾಮೆರಾ, ಒಂದೇ ಊರು

ಫ್ರಾನ್ಸಿನ ನಾರ್ಮಂಡಿಯ ವಿಲೇರ್-ಬೊಕಾಜ್ ಊರಿನ ಯುದ್ಧಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1944ರ ಜೂನ್ 13ರಂದು ಜರ್ಮನಿಯ ಟೈಗರ್ ಟ್ಯಾಂಕುಗಳು ಹೊಂಚು ಹಾಕಿ ಬ್ರಿಟಿಷ್ ಪಡೆಯನ್ನು ಬಡಿದವು. ಗೆಲುವನ್ನು ಮೆರೆಸಲೆಂದು ಜರ್ಮನ್ ಪ್ರಚಾರ ಛಾಯಾಗ್ರಾಹಕರು ತೆಗೆದ ಚಿತ್ರಗಳಲ್ಲಿ, ರಸ್ತೆಯಂಚಿನಲ್ಲಿ ಸಾಲಾಗಿ ಸುಟ್ಟು ಕರಕಲಾದ ಬ್ರಿಟಿಷ್ ವಾಹನಗಳು. ಆಗಸ್ಟ್‌ನಲ್ಲಿ ಊರಿಗೆ ಬಂದದ್ದು ಬ್ರಿಟಿಷರ ಕ್ಯಾಮೆರಾ. ಆ ಚಿತ್ರಗಳಲ್ಲಿ ಹಾಳುಬಿದ್ದ ಟೈಗರ್, ಪಕ್ಕದಲ್ಲೇ ಇನ್ನೊಂದು ಜರ್ಮನ್ ಟ್ಯಾಂಕು, ಸುತ್ತ ಕುಸಿದ ಗೋಡೆಗಳ ರಾಶಿ. ನಡುವೆ ಜೂನ್ 30ರಂದು ಬ್ರಿಟಿಷ್ ವಿಮಾನಗಳು ಊರಿನ ಮೇಲೆ ಭಾರೀ ಬಾಂಬ್ ದಾಳಿ ನಡೆಸಿದ್ದವು.

ಟ್ಯಾಂಕುಗಳ ಮಾದರಿ ಗುರುತಿಸುವವರ ಕಣ್ಣು ಟ್ಯಾಂಕಿನ ಮೇಲಿರುತ್ತದೆ. ನನಗೆ ಮೆಚ್ಚುಗೆಯಾಗುವುದು ಚಿತ್ರದ ಹಿನ್ನೆಲೆ. ಪ್ರಚಾರಕ್ಕೆಂದು ಒತ್ತಿದ ಕ್ಯಾಮೆರಾ ತನಗರಿವಿಲ್ಲದೆಯೇ ಬೀದಿಯನ್ನೂ ಮನೆಗಳನ್ನೂ ದಾಖಲಿಸಿತು. ಗೆದ್ದವರು ಬದಲಾದರು; ಎರಡೂ ಸಲ ಪೆಟ್ಟು ತಿಂದದ್ದು ಊರೇ.